ಕಾವಲಿನಲ್ಲಿ ತೋಡಿದ ಗುಂಡಿಗಳ ಬಗ್ಗೆ ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಅರಣ್ಯ ಮತ್ತು ಪರಿಸರ ಸಚಿವರಿಗೆ,

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಹಳ್ಳಿಯವನು. ಹದಿನಾಲ್ಕು ವರ್ಷದಿಂದ ಅಮೆರಿಕದ ಶಿಕಾಗೋ ಪಕ್ಕದ ಒಂದು ಊರಿನಲ್ಲಿದ್ದೇನೆ. ಹೊಟ್ಟೆಪಾಡಿಗೆ ಕಂಪ್ಯೂಟರ್ ಕೆಲಸ. ಶನಿವಾರ ಬೆಳಿಗ್ಗೆ ಮಾತ್ರ ಗರಗಸ ಹಿಡಿದು ಮರ ಕಡಿಯಲು ಹೋಗುತ್ತೇನೆ. ಕಳ್ಳತನದಿಂದ ಅಲ್ಲ ಸ್ವಾಮಿ. ಅಲ್ಲಿನ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಆಡಳಿತದ ಒಪ್ಪಿಗೆ ಇದೆ, ಗರಗಸವೂ ಅವರದ್ದೇ. ಸಂಬಳ ಇಲ್ಲ. ಹುಲ್ಲು ಉಳಿಯಲಿ ಅಂತ ಮರ ಕಡಿಯುತ್ತೇವೆ.

ಅಂಥವನು ಅರಣ್ಯ ಸಚಿವರಿಗೆ ಕಾಗದ ಬರೆಯುವುದು ವಿಚಿತ್ರ ಅನ್ನಿಸಬಹುದು. ಪೂರ್ತಿ ಓದಿ, ಆಮೇಲೆ ಬೈಯಿರಿ.

ಈ ಯುಗಾದಿಗೆ ಊರಿಗೆ ಬಂದಿದ್ದೆ. ಸಂಜೆ ದೊಡ್ಡಪ್ಪನ ಮಗನ ಜೊತೆ ಕಾವಲಿನ ಕಡೆ, ಅಂದರೆ ದನ ಮೇಯುವ ಹುಲ್ಲುಗಾವಲಿನ ಕಡೆ ಹೋದೆ. ನಾವು ಚಿಕ್ಕವರಿದ್ದಾಗ ದನ ಬಿಟ್ಟು ಚಿನ್ನಿದಾಂಡು ಆಡುತ್ತಿದ್ದ ಜಾಗ. ಒಣಹುಲ್ಲಿನ ನಡುವೆ ಸಾಲಾಗಿ ಗುಂಡಿ ತೋಡಿದ್ದರು. ಎಣಿಸುತ್ತಾ ಹೋದೆ. ನೂರ ನಲವತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ. "ಗಿಡ ನೆಡ್ತಾರಂತೆ ಕಣಣ್ಣ, ಬರೀ ಹುಲ್ಲು ತಾನೇ ಇರೋದು, ಒಳ್ಳೇದೇ ಆಯ್ತು" ಅಂದ ತಮ್ಮ. ಅವನ ತಪ್ಪೇನಿಲ್ಲ. ಹದಿನಾಲ್ಕು ವರ್ಷದ ಹಿಂದೆ ನಾನೂ ಹಾಗೇ ಅನ್ನುತ್ತಿದ್ದೆ. ಈಗ ಆ ಗುಂಡಿ ನೋಡಿದರೆ ಯಾಕೆ ಹೊಟ್ಟೆ ಉರಿಯುತ್ತದೆ ಅಂತ ಹೇಳಬೇಕಾದರೆ ಇಲಿನಾಯ್ ಕಥೆ ಹೇಳಬೇಕು.

ಇಲಿನಾಯ್ ರಾಜ್ಯಕ್ಕೆ 'ಪ್ರೇರಿ ಸ್ಟೇಟ್' ಅಂತ ಅಡ್ಡಹೆಸರು. ಪ್ರೇರಿ ಅಂದರೆ ಹುಲ್ಲುಗಾವಲು. ಆದರೆ ನಮ್ಮ ಮೊಣಕಾಲುದ್ದದ ಹುಲ್ಲಲ್ಲ. ಬಿಗ್ ಬ್ಲೂಸ್ಟೆಮ್ ಅನ್ನುವ ಹುಲ್ಲು ಆಗಸ್ಟ್ ಕೊನೆಗೆ ಆಳುದ್ದ ಮೀರಿ ನಿಲ್ಲುತ್ತದೆ. ಅದರ ತೆನೆ ಮೂರು ಕವಲಾಗಿ ಒಡೆದಿರುತ್ತದೆ. ಮೊದಲ ಸಲ ನೋಡಿದಾಗ ಯಾರೋ ರಾಗಿ ತೆನೆಯನ್ನು ಎಳೆದು ಉದ್ದ ಮಾಡಿದ್ದಾರೆ ಅನ್ನಿಸಿತ್ತು. 200 ವರ್ಷದ ಹಿಂದೆ ಆ ಒಂದೇ ರಾಜ್ಯದಲ್ಲಿ ಇಂಥ ಹುಲ್ಲುಗಾವಲು 2 ಕೋಟಿ ಎಕರೆಗೂ ಜಾಸ್ತಿ ಇತ್ತು. 1970ರ ದಶಕದ ಕೊನೆಯಲ್ಲಿ ರಾಜ್ಯವನ್ನೆಲ್ಲ ಜಾಲಾಡಿದಾಗ, ಕೆಡದೆ ಉಳಿದಿದ್ದದ್ದು ಎರಡೂವರೆ ಸಾವಿರ ಎಕರೆಯೂ ಇರಲಿಲ್ಲ. ಹತ್ತು ಸಾವಿರ ಎಕರೆಗೆ ಒಂದೆಕರೆ ಅಂತ ಇಟ್ಟುಕೊಳ್ಳಿ.

ಉಳಿದದ್ದು ಎಲ್ಲಿ ಗೊತ್ತಾ? ಹಳೇ ಸ್ಮಶಾನಗಳಲ್ಲಿ ಮತ್ತು ರೈಲು ಹಳಿಗಳ ಪಕ್ಕದಲ್ಲಿ. ನೇಗಿಲು ಹೋಗದ ಜಾಗ ಅಂದರೆ ಹೆಚ್ಚಾಗಿ ಅವೇ. ಬೇರು ಹೆಣೆದುಕೊಂಡ ಆ ಮಣ್ಣನ್ನು ಮೊದಲೆಲ್ಲ ಉಳಲು ಆಗುತ್ತಿರಲಿಲ್ಲ. 1837ರಲ್ಲಿ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬ ಊರಿನ ಕಮ್ಮಾರ ಜಾನ್ ಡೀರ್, ಮಣ್ಣು ಮೆತ್ತಿಕೊಳ್ಳದ ಉಕ್ಕಿನ ನೇಗಿಲು ಮಾಡಿದ. ಅದಕ್ಕೂ ನಾಲ್ಕು ವರ್ಷ ಮೊದಲು, 1833ರ ಒಪ್ಪಂದದಲ್ಲಿ, ಆ ನೆಲದ ಪೊಟವಾಟಮಿ ಜನರನ್ನು ಮಿಸಿಸಿಪ್ಪಿ ನದಿಯಾಚೆ ಕಳಿಸುವ ಏರ್ಪಾಡಾಗಿತ್ತು. ಕಾಲಕಾಲಕ್ಕೆ ಹುಲ್ಲಿಗೆ ಬೆಂಕಿ ಕೊಟ್ಟು ಆ ಬಯಲನ್ನು ಬಯಲಾಗಿ ಉಳಿಸಿದ್ದವರೇ ಅವರು ಮತ್ತು ಅವರಂಥ ಬುಡಕಟ್ಟುಗಳು. ಅವರು ಹೋದರು, ಬೆಂಕಿ ನಿಂತಿತು. ಉತ್ತ ಕಡೆ ಜೋಳ, ಸೋಯಾ ಬಂತು. ಉಳದ ಕಡೆ ಪೊದೆ ನುಗ್ಗಿತು.

ಸ್ಮಶಾನ ಅಂದೆನಲ್ಲ, ಅದನ್ನು ಹುಡುಕಿಕೊಂಡು ಹೋದವರು ರಾಬರ್ಟ್ ಬೆಟ್ಜ್. ಶಿಕಾಗೋದ ಕಾಲೇಜೊಂದರಲ್ಲಿ ಜೀವರಸಾಯನ ಕಲಿಸುವ ಮೇಷ್ಟ್ರು. ಗೋರಿಗಳ ನಡುವೆ ಉಳಿದಿದ್ದ ಹುಲ್ಲನ್ನು ಊರೂರು ತಿರುಗಿ ಗುರುತು ಹಾಕಿದರು. 1975ರಲ್ಲಿ ಫರ್ಮಿಲ್ಯಾಬ್ ಎಂಬ ದೊಡ್ಡ ಭೌತವಿಜ್ಞಾನ ಕೇಂದ್ರದವರನ್ನು ಒಪ್ಪಿಸಿ, ಕಣಗಳನ್ನು ಓಡಿಸುವ ಉಂಗುರದ ಒಳಗಿನ ಖಾಲಿ ಜಾಗದಲ್ಲಿ ಪ್ರೇರಿ ಬೀಜ ಬಿತ್ತಿಸಿದರು. 1977ರಲ್ಲಿ ಸ್ಟೀವ್ ಪ್ಯಾಕರ್ಡ್ ಮತ್ತು ಒಂದಷ್ಟು ಜನ ಸೇರಿ, ಶಿಕಾಗೋ ನದಿಯ ಉತ್ತರ ಕವಲಿನ ದಂಡೆಯ ಸರ್ಕಾರಿ ಜಾಗಗಳಲ್ಲಿ ಪೊದೆ ಕಡಿದು ಹುಲ್ಲಿಗೆ ಬಿಸಿಲು ಬಿಟ್ಟರು. ನಾನು ಶನಿವಾರ ಹೋಗುವ ಜಾಗದಲ್ಲಿ ನಡೆಯುವುದೂ ಅದೇ ಕೆಲಸ.

ಬೆಳಿಗ್ಗೆ ಒಂಬತ್ತಕ್ಕೆ ಹದಿನೈದು ಇಪ್ಪತ್ತು ಜನ ಸೇರುತ್ತೇವೆ. ಮುಕ್ಕಾಲು ಪಾಲು ನರೆತ ತಲೆಯವರು. ಬಕ್‌ತಾರ್ನ್ ಅನ್ನುವ ಮುಳ್ಳುಗಿಡ ನಮ್ಮ ಮುಖ್ಯ ಶತ್ರು. ಬೇಲಿಗೆ ಚೆನ್ನ ಅಂತ ಯುರೋಪಿನಿಂದ ತಂದದ್ದು. ಕಪ್ಪು ಹಣ್ಣನ್ನು ಹಕ್ಕಿ ತಿಂದು ಎಲ್ಲೆಲ್ಲೋ ಹಾಕುತ್ತದೆ. ಕಡಿದು ಸುಮ್ಮನಿದ್ದರೆ ಒಂದು ಬುಡದಲ್ಲಿ ಆರು ಚಿಗುರು. ಹಾಗಾಗಿ ಕಡಿದ ಕೂಡಲೇ ಬುಡಕ್ಕೆ ಔಷಧಿ ಬಳಿಯಬೇಕು. ಬಳಿಯಲು ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡಿರಬೇಕು. ನಮ್ಮ ಬಳ್ಳಾರಿ ಜಾಲಿಯ ನೆನಪು ಬಂತಾ? ನನಗೂ ಮೊದಲ ದಿನವೇ ಬಂತು. ತಮಾಷೆ ಅಂದರೆ ಬಳ್ಳಾರಿ ಜಾಲಿ ನಮಗೆ ಬಂದದ್ದು ಅಮೆರಿಕ ಖಂಡದಿಂದ.

ಸೆಪ್ಟೆಂಬರ್, ಅಕ್ಟೋಬರ್ ಬಂದರೆ ಬೀಜದ ಕೆಲಸ. ಕಾಗದದ ಚೀಲ ಹಿಡಿದು ಒಂದೊಂದು ಜಾತಿಯದ್ದು ಒಂದೊಂದು ಚೀಲಕ್ಕೆ. ಇದ್ದದ್ದನ್ನೆಲ್ಲ ಕೀಳುವ ಹಾಗಿಲ್ಲ, ಹಕ್ಕಿಗೂ ನೆಲಕ್ಕೂ ಬಿಡಬೇಕು. ಕಂಪಸ್ ಪ್ಲಾಂಟ್ ಅಂತ ಒಂದು ಗಿಡ ಇದೆ. ಸೂರ್ಯಕಾಂತಿಯ ಹಾಗೆ ಹಳದಿ ಹೂವು, ಎಲೆಗಳು ಉತ್ತರ ದಕ್ಷಿಣಕ್ಕೆ ಅಂಚು ಮಾಡಿ ನಿಲ್ಲುತ್ತವೆ. ಅದರ ಬೇರು ಹತ್ತು ಹದಿನೈದು ಅಡಿ ಆಳಕ್ಕೆ ಇಳಿಯುತ್ತದೆ. ಅಂದರೆ ಮೇಲೆ ಕಾಣುವುದಕ್ಕಿಂತ ಕೆಳಗಿರುವ ಗಿಡವೇ ದೊಡ್ಡದು. ಬೀಜವನ್ನು ಒಣಗಿಸಿ, ಉಜ್ಜಿ, ತೂರಿ ಇಡುತ್ತೇವೆ. ತೂರುವುದರಲ್ಲಿ ನಾನು ಉಸ್ತಾದ್, ಕಣದಲ್ಲಿ ಬೆಳೆದವನಲ್ಲವೇ! ಚಳಿಗಾಲದಲ್ಲಿ ಅದನ್ನು ಹಿಮದ ಮೇಲೆ ಕೈಯಲ್ಲೇ ಎರಚುತ್ತೇವೆ. ಚಳಿ, ತೇವ ಎರಡೂ ತಿನ್ನದೆ ಆ ಬೀಜಗಳಲ್ಲಿ ಎಷ್ಟೋ ಜಾತಿ ಮೊಳೆಯುವುದೇ ಇಲ್ಲ.

ಆಮೇಲೆ ಕಾಯಬೇಕು. ಮೊದಲ ಎರಡು ವರ್ಷ ಕಳೆ ಬಿಟ್ಟು ಬೇರೇನೂ ಕಾಣದು. ಗಿಡ ಬೇರು ಬಿಡುವುದರಲ್ಲೇ ಇರುತ್ತದೆ. ನಾನು ಎರಚಿದ ಒಂದು ತುಂಡು ಜಾಗದಲ್ಲಿ ಹೂವು ನೋಡಿದ್ದು ನಾಲ್ಕನೇ ಬೇಸಿಗೆಯಲ್ಲಿ. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಕರ್ಟಿಸ್ ಪ್ರೇರಿ ಅಂತ ಇದೆ. 1930ರ ದಶಕದಲ್ಲಿ ಉತ್ತು ಬಿಟ್ಟಿದ್ದ ಹೊಲದಲ್ಲಿ ಮತ್ತೆ ಹುಲ್ಲುಗಾವಲು ಕಟ್ಟಲು ಹೊರಟರು. ಇಂಥ ಕೆಲಸದಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ತೊಂಬತ್ತು ವರ್ಷ ಆಗುತ್ತಾ ಬಂತು, ಇವತ್ತಿಗೂ ಅಲ್ಲಿ ಕಳೆ ಕೀಳುತ್ತಿದ್ದಾರೆ. ಇಷ್ಟು ಮಾಡಿದರೂ ಉಳದೇ ಉಳಿದ ಸ್ಮಶಾನದ ತುಂಡಿಗೆ ಅದು ಸಮ ಆಗಲ್ಲ ಅಂತ ಗೊತ್ತಿದ್ದವರೇ ಹೇಳುತ್ತಾರೆ.

ನಿಮ್ಮ ಮುಂದೆ ಇಷ್ಟೆಲ್ಲ ಹೇಳಿದ್ದು ಈ ಮಾತಿಗೆ. ಅವರು ಕಳೆದುಕೊಂಡು, ಈಗ ಒಂದೊಂದು ಬೀಜ ಆರಿಸಿ ಕಟ್ಟುತ್ತಿದ್ದಾರೆ. ನಮ್ಮಲ್ಲಿ ಇನ್ನೂ ಇದೆ. ಇರುವುದರಲ್ಲಿ ನಾವು ಗುಂಡಿ ತೋಡುತ್ತಿದ್ದೇವೆ.

ಕಾವಲು ಖಾಲಿ ಜಾಗ ಅಲ್ಲ ಸ್ವಾಮಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅಂದರೆ ಅರಮನೆಯ ದನಗಳ ಇಲಾಖೆ, ಟಿಪ್ಪು ಕಾಲಕ್ಕೆ ಅಮೃತ ಮಹಲ್ ಆಯಿತು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು ಅಂತ ದನಗಳನ್ನು ಹೊಡೆಯುತ್ತಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಸುಧಾರಿಸಿಕೊಳ್ಳುತ್ತಿತ್ತು. ಈಗಿನ ಯಾವ ನಿರ್ವಹಣಾ ಯೋಜನೆಗೆ ಇದು ಕಡಿಮೆ ಹೇಳಿ? ಆ ಹುಲ್ಲಲ್ಲೇ ಕೃಷ್ಣಮೃಗ, ತೋಳ, ಕೌಜುಗ. ಎರೆಭೂತ ಅನ್ನುವ ದೊಡ್ಡ ಹಕ್ಕಿಯೂ ಇತ್ತು, ಈಗ ಅದನ್ನು ನೋಡಿದ್ದೇವೆ ಅನ್ನುವವರೇ ಅಪರೂಪ. ನಮ್ಮಜ್ಜಿ ಹಂಚಿಕಡ್ಡಿ ಪೊರಕೆ ಕಟ್ಟುತ್ತಿದ್ದದ್ದು ಅಲ್ಲಿಂದ ಕಿತ್ತು ತಂದ ಕಡ್ಡಿಯಲ್ಲಿ.

ಆದರೆ ಕಂದಾಯದ ಕಾಗದದಲ್ಲಿ ಹುಲ್ಲು ಅಂದರೆ ಬೀಳು, ಪಾಳು, ಬಂಜರು. ಬಂಜರು ಅಂದಮೇಲೆ ಎಲ್ಲರಿಗೂ ಕಣ್ಣು. ಚಳ್ಳಕೆರೆ ಕಡೆಯ ಕಾವಲುಗಳಲ್ಲಿ ಹತ್ತು ಸಾವಿರ ಎಕರೆಯಷ್ಟು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆ ಅಂತಲೇ 1974ರಲ್ಲಿ ಅಭಯಾರಣ್ಯ ಮಾಡಿದೆವು, ಅಲ್ಲೇ ನೀಲಗಿರಿ ನೆಡುತೋಪು ಎಬ್ಬಿಸಿದ್ದೆವು. ಬಯಲಲ್ಲಿ ಓಡುವ ಪ್ರಾಣಿಗೆ ಮರದ ಸಾಲು ಕೊಟ್ಟರೆ ಅದು ಏನು ಮಾಡಬೇಕು? 2017ರಲ್ಲಿ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರವೇ ಹೇಳಿತು. ಒಳ್ಳೆಯದಾಯಿತು. ಆದರೆ ನೀಲಗಿರಿ ಬದಲು ಹೊಂಗೆ, ಬೇವು ನೆಟ್ಟರೂ ಹುಲ್ಲಿನ ಮೇಲೆ ಬೀಳುವುದು ನೆರಳೇ. ಹೊಂಗೆ ನನಗೂ ಇಷ್ಟ, ಅದರ ಜಾಗ ಬೇರೆ ಅಷ್ಟೇ.

ಹೆಸರಘಟ್ಟದ ಹುಲ್ಲುಗಾವಲಿನ ವಿಷಯದಲ್ಲಿ ನಿಮ್ಮ ಸರ್ಕಾರಕ್ಕೆ ಕೈ ಮುಗಿಯುತ್ತೇನೆ. 2021ರಲ್ಲಿ ಬೇಡ ಅಂದಿದ್ದ ವನ್ಯಜೀವಿ ಮಂಡಳಿ 2024ರಲ್ಲಿ ಐದು ಸಾವಿರಕ್ಕೂ ಜಾಸ್ತಿ ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. 2011ರಲ್ಲಿ ಅಪರೂಪದ ಲೆಸ್ಸರ್ ಫ್ಲೋರಿಕನ್ ಹಕ್ಕಿ ಕಂಡ ಜಾಗ ಅದು. ವರ್ಷಗಟ್ಟಲೆ ಹಕ್ಕಿ ನೋಡುವವರು, ಸುತ್ತಲ ಊರಿನವರು, ಕೋರ್ಟಿಗೆ ಹೋದವರು ಬೆನ್ನು ಬಿಡದೆ ಹಿಡಿದದ್ದರಿಂದ ಉಳಿಯಿತು. ಬೆಂಗಳೂರಿನ ಪಕ್ಕ ಇದ್ದದ್ದರಿಂದ ಹಿಡಿಯುವವರು ಸಿಕ್ಕರು. ನಮ್ಮೂರ ಕಾವಲಿಗೆ ಯಾರಿದ್ದಾರೆ?

ಇದ್ದಾರೆ, ಅದೇ ವಿಷಯ. ಕುರಿ ಮೇಯಿಸುವವರಿದ್ದಾರೆ. ರಜೆಗೆ ಬರುವ ಹುಡುಗರಿದ್ದಾರೆ. ಹೋದ ವರ್ಷ ನಮ್ಮ ಹುಡುಗರು ನಾಲ್ಕೈದು ಜನ ಸೇರಿ ಕಾವಲಿನ ಅಂಚಿನಲ್ಲಿ ಬಳ್ಳಾರಿ ಜಾಲಿ ಸಸಿ ಕೀಳಲು ಹೋದರೆ, ಬಂದವರೊಬ್ಬರು "ಇದನ್ನ ಮುಟ್ಟೋಕೆ ನೀವ್ಯಾರು? ಕೇಸ್ ಹಾಕ್ತೀನಿ" ಅಂದರಂತೆ. ಯಾರು ಅಂದದ್ದು ಅಂತ ಕೆದಕುವುದು ಬೇಡ. ಹುಡುಗರು ಆಮೇಲೆ ಆ ಕಡೆ ಹೋಗಲಿಲ್ಲ. ಜಾಲಿ ಮಾತ್ರ ಆರಾಮಾಗಿದೆ.

ಶಿಕಾಗೋದಲ್ಲಿ ಈ ಪ್ರಶ್ನೆಗೆ ಉತ್ತರ ಇದೆ. ಒಂದೊಂದು ತುಂಡು ಜಾಗಕ್ಕೂ ಒಬ್ಬ ಉಸ್ತುವಾರಿ. ಅವರಿಗೂ ಸಂಬಳ ಇಲ್ಲ, ಆದರೆ ಅಧಿಕೃತ ಗುರುತು ಇದೆ. ಏನು ಕಡಿಯಬೇಕು, ಎಷ್ಟು, ಯಾವಾಗ ಅನ್ನುವುದನ್ನು ಕೌಂಟಿಯ ಪರಿಸರ ತಜ್ಞರ ಜೊತೆ ಕೂತು ಮೊದಲೇ ಬರೆದುಕೊಂಡಿರುತ್ತಾರೆ. ನಮ್ಮಲ್ಲೂ ಪ್ರತಿ ಪಂಚಾಯಿತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ 2002ರ ಕಾನೂನು ಹೇಳುತ್ತದೆ. ಹೊಸ ಯೋಜನೆ, ಹೊಸ ಹೆಸರು ಏನೂ ಬೇಡ. ಆ ಸಮಿತಿಗೆ ಕಾವಲಿನ ಉಸ್ತುವಾರಿ ಕೊಡಿ. ಅದರಲ್ಲಿ ಕುರಿಯವರಿಗೆ ಜಾಗ ಇರಲಿ. ಯಾವ ಹುಲ್ಲು ಯಾವ ಮಳೆಗೆ ಬರುತ್ತದೆ ಅಂತ ಗೊತ್ತಿರುವುದು ಅವರಿಗೆ, ನನಗಲ್ಲ.

ಬೆಂಕಿಯನ್ನು ಮಾತ್ರ ಅಲ್ಲಿಂದ ನಕಲು ಮಾಡಬೇಡಿ. ಅಲ್ಲಿ ವಸಂತ ಅಥವಾ ಶರತ್ಕಾಲದಲ್ಲಿ, ಗಾಳಿ, ತೇವ ಎಲ್ಲ ಅಳೆದು, ತರಬೇತಿ ಆದವರು ಹಳದಿ ಅಂಗಿ ತೊಟ್ಟು ಬೆನ್ನಿಗೆ ನೀರು ಕಟ್ಟಿಕೊಂಡು ಪ್ರೇರಿಗೆ ಬೆಂಕಿ ಕೊಡುತ್ತಾರೆ. ಪೊದೆ ಸಾಯುತ್ತದೆ. ಹುಲ್ಲಿನ ಜೀವ ನೆಲದೊಳಗಿರುವುದರಿಂದ ಕೆಲವೇ ವಾರಕ್ಕೆ ಕಪ್ಪು ಬಯಲು ಹಸಿರಾಗುತ್ತದೆ. ನೋಡಲು ಎರಡು ಕಣ್ಣು ಸಾಲದು. ಆದರೆ ನಮ್ಮ ಕಾವಲನ್ನು ತಿದ್ದಿ ತೀಡಿದ್ದು ಹೆಚ್ಚಾಗಿ ದನಕುರಿಯ ಬಾಯಿ. ನಮ್ಮ ಹುಲ್ಲಿಗೆ ಏನು ಬೇಕು ಅನ್ನುವುದನ್ನು ನಮ್ಮ ನೆಲದಲ್ಲೇ ನೋಡಿ ಕಲಿಯಬೇಕು.

ಇನ್ನೊಂದು ಎಚ್ಚರಿಕೆ. ಮರ ತೆಗೆಯಲು ಹೊರಟರೆ ನಿಮಗೂ ಬೈಗುಳ ಬೀಳುತ್ತದೆ. 1996ರಲ್ಲಿ ಶಿಕಾಗೋ ಸುತ್ತ ಅದೇ ಆಯಿತು. ಅಕ್ಕಪಕ್ಕದ ಮನೆಯವರಿಗೆ ಸರಿಯಾಗಿ ತಿಳಿಸದೆ ಮರ ಕಡಿದಿದ್ದಾರೆ ಅಂತ ಜನ ರೊಚ್ಚಿಗೆದ್ದರು. ಕುಕ್ ಕೌಂಟಿ ಆಡಳಿತ ಕೆಲಸವನ್ನೇ ನಿಲ್ಲಿಸಿತು. ಕೆಲವು ಜಾಗಗಳಲ್ಲಿ ಮತ್ತೆ ಶುರುವಾಗಲು ವರ್ಷಗಳೇ ಹಿಡಿದವು. ಇದರಲ್ಲಿ ಸ್ವಯಂಸೇವಕರ ತಪ್ಪೂ ಇತ್ತು ಅಂತ ನನ್ನ ಲೆಕ್ಕ. ತಮಗೆ ಗೊತ್ತಿದೆ ಅಂದಮೇಲೆ ಊರಿಗೂ ಗೊತ್ತಿದೆ ಅಂದುಕೊಂಡರು. ಈಗ ಗರಗಸ ಎತ್ತುವ ಮೊದಲು ಬೋರ್ಡ್ ಹಾಕುತ್ತೇವೆ, ದಾರಿಯಲ್ಲಿ ಹೋಗುವವರು ಕೇಳಿದರೆ ಕೆಲಸ ಬಿಟ್ಟು ನಿಂತು ಹೇಳುತ್ತೇವೆ.

ಹಾಗಾಗಿ ದೊಡ್ಡದೇನನ್ನೂ ನಾಳೆಯೇ ಮಾಡಿ ಅಂತ ಕೇಳುತ್ತಿಲ್ಲ. ಜುಲೈನಲ್ಲಿ ವನಮಹೋತ್ಸವ ಬರುತ್ತದೆ. ಸಸಿಗಳನ್ನು ಕೆರೆ ಏರಿ ಕೆಳಗೆ, ರಸ್ತೆ ಬದಿಗೆ, ಶಾಲೆ ಅಂಗಳಕ್ಕೆ, ಊರ ಗುಂಡುತೋಪಿಗೆ ಕಳಿಸಿ. ಕಾವಲು, ಗೋಮಾಳದ ಹುಲ್ಲಿನಲ್ಲಿ ನೆಡುವಂತಿಲ್ಲ ಅಂತ ಒಂದು ಸಾಲಿನ ಸುತ್ತೋಲೆ ಹೊರಡಿಸಿ. ಹುಡುಗರು ಜಾಲಿ ಕಿತ್ತರೆ ಕೇಸ್ ಇಲ್ಲ ಅನ್ನುವುದು ಎರಡನೇ ಸಾಲು. ಎರಡಕ್ಕೂ ದುಡ್ಡು ಬೇಕಿಲ್ಲ, ಅಲ್ವಾ?

ನಮ್ಮೂರ ಗುಂಡಿಗಳಿಗೆ ಇನ್ನೂ ಸಸಿ ಬಂದಿಲ್ಲ ಅಂತ ತಮ್ಮ ನಿನ್ನೆ ಫೋನಿನಲ್ಲಿ ಹೇಳಿದ. ಮೃಗಶಿರ ಮಳೆ ಹಿಡಿಯುವುದರೊಳಗೆ ಮುಚ್ಚಿಸಿ. ತೆಗೆದ ಮಣ್ಣು ಗುಂಡಿಗಳ ಪಕ್ಕದಲ್ಲೇ ಇದೆ.

ಇಂತಿ ನಮಸ್ಕಾರಗಳೊಂದಿಗೆ,
ತುಮಕೂರು ಜಿಲ್ಲೆಯ ಒಬ್ಬ ಕಾವಲಿನ ಹುಡುಗ, ಸದ್ಯಕ್ಕೆ ಇಲಿನಾಯ್‌ನಿಂದ