ದೊಡ್ಡಪತ್ರೆಯೂ ಗಾಜಿನ ತಟ್ಟೆಯೂ

ಸಂಪಾದಕರೇ,

ದೊಡ್ಡಪತ್ರೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಲ್ಯಾಬ್‌ನಲ್ಲೇ ಸಾಬೀತಾಗಿದೆ ಎಂಬ ಮೆಸೇಜು ನಮ್ಮ ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಆಗಾಗ ಬರುತ್ತಲೇ ಇರುತ್ತದೆ. ಪೂರ್ತಿ ಸುಳ್ಳೇನಲ್ಲ. ಎಲೆ ಹಿಸುಕಿದರೆ ಮೂಗಿಗೆ ಬಡಿಯುವ ಓಮದಂಥ ವಾಸನೆ ಇದೆಯಲ್ಲ, ಅದು ಕಾರ್ವಕ್ರಾಲ್, ಥೈಮಾಲ್ ಎಂಬ ರಾಸಾಯನಿಕಗಳದ್ದು. ಇವೆರಡಕ್ಕೂ ಸೂಕ್ಷ್ಮಜೀವಿ ತಡೆಯುವ ಗುಣ ಇದೆ.

ಆದರೆ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಯಾರೂ ಬರೆಯುವುದಿಲ್ಲ. ಅಗರ್ ಎಂಬ ಜೆಲ್ಲಿಯಂಥ ಪದಾರ್ಥ ಹಾಕಿದ ಗಾಜಿನ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹರಡಿ, 6 ಮಿ.ಮೀ. ಅಗಲದ ಕಾಗದದ ಬಿಲ್ಲೆಗೆ ಎಲೆಯ ಸಾರ ಹೀರಿಸಿ ಅದರ ಮೇಲಿಟ್ಟು, 37 ಡಿಗ್ರಿ ಶಾಖದಲ್ಲಿ ಒಂದು ರಾತ್ರಿ ಬಿಟ್ಟು, ಮಾರನೇ ದಿನ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಉಳಿದ ಉಂಗುರವನ್ನು ಅಳೆಯುತ್ತಾರೆ. ಸಾರ ತೆಗೆಯುವುದು ಹೆಚ್ಚಾಗಿ ಮೆಥನಾಲ್‌ನಲ್ಲೋ ಎಥನಾಲ್‌ನಲ್ಲೋ, ನಮ್ಮಜ್ಜಿಯ ತಂಬುಳಿಯ ಮಜ್ಜಿಗೆಯಲ್ಲಲ್ಲ! ದೊಡ್ಡಪತ್ರೆಯಲ್ಲಿ ಆ್ಯಂಟಿಆಕ್ಸಿಡೆಂಟ್ ಇದೆ ಎನ್ನುವ ಕಥೆಯೂ ಹಾಗೇ. ಸಾರ ಬೆರೆಸಿದಾಗ ಡಿಪಿಪಿಎಚ್ ಎಂಬ ರಾಸಾಯನಿಕದ ನೇರಳೆ ದ್ರಾವಣ ಹಳದಿಗೆ ಎಷ್ಟು ತಿರುಗಿತು ಅಂತ ನೋಡುತ್ತಾರೆ; ಹೆಚ್ಚು ತಿರುಗಿದಷ್ಟೂ ಆ ಗುಣ ಹೆಚ್ಚು ಅಂತ ಲೆಕ್ಕ. ಕೊಳವೆಯಲ್ಲಿ ಆದದ್ದು ಹೊಟ್ಟೆಯಲ್ಲೂ ಆಗಬೇಕೆಂದಿಲ್ಲ. ಫಿನಾಯಿಲೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಕುಡಿಯುತ್ತೇವಾ?

ಇಂಥ ಸುದ್ದಿ ಹಾಕುವಾಗ ಸಾರ ಯಾವುದರಲ್ಲಿ ತೆಗೆದದ್ದು, ಎಷ್ಟು ಹಾಕಿದರು, ಹೋಲಿಕೆಗೆ ಪಕ್ಕದಲ್ಲಿ ಯಾವ ಆ್ಯಂಟಿಬಯೋಟಿಕ್ ಬಿಲ್ಲೆ ಇತ್ತು, ಇಷ್ಟನ್ನಾದರೂ ಎರಡು ಸಾಲಿನಲ್ಲಿ ಬರೆಯಿರಿ. ಆ ಮೆಸೇಜು ನಂಬಿ ನಮ್ಮ ನೆಂಟರೊಬ್ಬರು ಜ್ವರ ಬಂದ ಮಗುವಿಗೆ ನಾಲ್ಕು ದಿನ ಬರೀ ದೊಡ್ಡಪತ್ರೆ ರಸ ಕುಡಿಸುತ್ತಾ ಕೂತಿದ್ದರು. ತಂಬುಳಿಯನ್ನು ನಾನೂ ಬಿಟ್ಟಿಲ್ಲ, ನಿನ್ನೆಯೂ ಮಾಡಿದ್ದೆ.

– ಓದುಗ, ಶಿರಸಿ