ಬೇರೆಯವರ ಜನರ ಮುಂದೆ ಹಾಡಿದ ಕ್ಲ್ಯಾಶ್

ಮಾನ್ಯ ಸಂಪಾದಕರೇ,

ಪಂಕ್ ರಾಕ್ ಸಂಗೀತ ಅಂದ ಕೂಡಲೇ 'ಅಯ್ಯೋ, ಅದು ಬರೀ ಗಲಾಟೆ' ಅನ್ನುವವರ ಜೊತೆ ವಾದ ಮಾಡುವುದನ್ನು ನಾನು ಬಿಟ್ಟು ತುಂಬಾ ದಿನವಾಯಿತು. ಈ ಪತ್ರ ಬರೆಯುತ್ತಿರುವುದು ಪಂಕ್ ಇಷ್ಟಪಡುವವರ ಮೇಲಿನ ತಕರಾರಿಗೆ. ಲಂಡನ್ನಿನ ಪಂಕ್ ತಂಡ ಕ್ಲ್ಯಾಶ್‌ನ ಲೈವ್ ರೆಕಾರ್ಡು 'ಲೈವ್ ಅಟ್ ಶೇ ಸ್ಟೇಡಿಯಂ' ಮಾತು ಬಂದರೆ ಸಾಕು, ಮೂಗು ಮುರಿಯುತ್ತಾರೆ. 1977ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಇವರು ಹಾಡಿದಾಗ ಜನ ಕುರ್ಚಿಗಳನ್ನೇ ಕಿತ್ತುಹಾಕಿದ್ದರು, ಅಂಥವರು ಅಮೆರಿಕದ ಬೇಸ್‌ಬಾಲ್ ಮೈದಾನಕ್ಕೆ ಹೋಗಿ ನಿಂತರಲ್ಲ, ಅಲ್ಲಿಗೆ ಎಲ್ಲ ಮುಗಿಯಿತು ಅಂತ. ನನಗೋ, ಅವರ ಲೈವ್ ರೆಕಾರ್ಡುಗಳಲ್ಲಿ ಇದೇ ಇಷ್ಟ.

ಯಾಕೆ ಅಂದರೆ, ಆ ಸಂಜೆ ಅವರ ಪರವಾಗಿ ಏನೂ ಇರಲಿಲ್ಲ. 1982ರ ಅಕ್ಟೋಬರ್ 13, ನ್ಯೂಯಾರ್ಕಿನ ಶೇ ಸ್ಟೇಡಿಯಂ. ಜನ ಬಂದಿದ್ದು 'ದ ಹೂ' ಅನ್ನುವ ಇಂಗ್ಲಿಷ್ ರಾಕ್ ತಂಡದ ವಿದಾಯ ಪ್ರವಾಸಕ್ಕೆ, ಕ್ಲ್ಯಾಶ್ ಅವರಿಗಿಂತ ಮೊದಲು ಹಾಡಿ ಜಾಗ ಬಿಡಬೇಕಾದವರು. ಡ್ರಮ್ಸ್ ನುಡಿಸುತ್ತಿದ್ದ ಟಾಪರ್ ಹೆಡನ್‌ನನ್ನು ಕೆಲವೇ ತಿಂಗಳ ಹಿಂದೆ ತಂಡದಿಂದ ಕಳಿಸಿದ್ದರು. ಅವನ ಜಾಗಕ್ಕೆ ಬಂದವನು ಹಳೇ ಡ್ರಮ್ಮರ್ ಟೆರಿ ಚೈಮ್ಸ್. ತಂಡದಲ್ಲಿ ಹಾಡಿ ಗಿಟಾರ್ ನುಡಿಸುತ್ತಿದ್ದ ಜೋ ಸ್ಟ್ರಮರ್ ಮತ್ತು ಮಿಕ್ ಜೋನ್ಸ್ ನಡುವೆಯೂ ಸರಿಯಿರಲಿಲ್ಲ, ವರ್ಷ ತುಂಬುವುದರೊಳಗೆ ಮಿಕ್ ಕೂಡ ಹೊರಗೆ.

ಇಷ್ಟೆಲ್ಲ ಇಟ್ಟುಕೊಂಡು ಶುರುಮಾಡುವುದು 'ಲಂಡನ್ ಕಾಲಿಂಗ್'ನಿಂದ. ಆ ಹಾಡಿನಲ್ಲಿ ಬೀಟಲ್ಸ್ ಹುಚ್ಚನ್ನು ಆಡಿಕೊಳ್ಳುವ ಒಂದು ಸಾಲಿದೆ. ಶೇ ಸ್ಟೇಡಿಯಂ ಅಂದರೆ 1965ರಲ್ಲಿ ಬೀಟಲ್ಸ್ ಹಾಡಿದಾಗ ಕಿರುಚಾಟಕ್ಕೆ ಹಾಡೇ ಕೇಳಿಸದೇ ಹೋದ ಜಾಗ! ಅಲ್ಲೇ ನಿಂತು ಆ ಸಾಲನ್ನು ಹಾಡುತ್ತಾರೆ. ಬೇಕಂತಲೇ ಮಾಡಿದರೋ, ಸುಮ್ನೆ ಆಗಿಹೋಯಿತೋ, ನನಗಂತೂ ಪ್ರತಿ ಸಲ ನಗು ಬರುತ್ತದೆ.

ನಿಜವಾದ ಮಜಾ ಇರುವುದು ನಡುವೆ. ಸಿಕ್ಕಿರುವುದು ಕಡಿಮೆ ಸಮಯ, ಎದುರಿಗೆ ಬೇರೆಯವರಿಗಾಗಿ ಕಾಯುತ್ತಿರುವ ಜನ. ಇಂಥ ಹೊತ್ತಲ್ಲಿ ಯಾರೇ ಆದರೂ ಹಿಟ್ ಹಾಡುಗಳನ್ನು ಸಾಲಾಗಿ ಹಾಡಿ ಇಳಿದುಬಿಡುತ್ತಾರೆ, ಅಲ್ವಾ? ಇವರು 'ಮ್ಯಾಗ್ನಿಫಿಸೆಂಟ್ ಸೆವೆನ್' ಶುರುಮಾಡಿ, ಅದರ ಮಧ್ಯೆಯೇ ಜಮೈಕಾದ ವಿಲ್ಲಿ ವಿಲಿಯಮ್ಸ್‌ನ 'ಆರ್ಮಗಿಡಿಯನ್ ಟೈಮ್'ಗೆ ಇಳಿದು, ಅಲ್ಲಿ ಆರಾಮಾಗಿ ಓಡಾಡಿ, ಮತ್ತೆ ಮೊದಲಿನ ಹಾಡಿಗೇ ಬರುತ್ತಾರೆ. ಅಷ್ಟು ದೊಡ್ಡ ಮೈದಾನದಲ್ಲಿ ರೆಗ್ಗೆ, ಜಮೈಕಾದ ಆ ನಿಧಾನ ಲಯದ ಸಂಗೀತ! ಬೇಸ್ ಗಿಟಾರಿನ ಒಂದೊಂದು ಪೆಟ್ಟಿನ ಸುತ್ತ ಎಷ್ಟೊಂದು ಖಾಲಿ ಜಾಗ ಬಿಟ್ಟಿದ್ದಾರೆ ಕೇಳಿ. ಪಂಕ್ ಅಂದರೆ ವೇಗ ಮಾತ್ರ ಅಂದುಕೊಂಡವರಿಗೆ ಇದನ್ನು ಕೇಳಿಸಬೇಕು.

ಇನ್ನೊಂದು ವಿಷಯ. 'ರಾಕ್ ದ ಕಾಸ್ಬಾ' ಆ ವರ್ಷ ಅವರನ್ನು ಅಮೆರಿಕದಲ್ಲಿ ಮನೆಮಾತು ಮಾಡಿದ ಹಾಡು. ಅದರ ಸಂಗೀತ ಟಾಪರ್‌ನದ್ದು. ಸ್ಟುಡಿಯೋದಲ್ಲಿ ಡ್ರಮ್ಸ್, ಪಿಯಾನೋ, ಬೇಸ್ ಮೂರನ್ನೂ ಅವನೇ ನುಡಿಸಿದ್ದ. ಅವನನ್ನು ಕಳಿಸಿದ ಮೇಲೂ ಅವನ ಹಾಡಿಗೇ ಸ್ಟೇಡಿಯಂ ಕುಣಿಯುತ್ತದೆ. ಕೇಳುವಾಗ ಸ್ವಲ್ಪ ಸಂಕಟವಾಗುತ್ತದೆ, ನಿಜ. ಆದರೆ ಒಂದು ಹಾಡು ಬಿಟ್ಟು 'ಕರಿಯರ್ ಆಪರ್ಚುನಿಟೀಸ್' ಬರುತ್ತದೆ ನೋಡಿ, ಅದು 1977ರ ಮೊದಲ ಆಲ್ಬಮ್ಮಿನದು, ಅದಕ್ಕೆ ಆವತ್ತು ಡ್ರಮ್ಸ್ ನುಡಿಸಿದವನು ಇದೇ ಚೈಮ್ಸ್. ಅಲ್ಲಿ ಅವನ ಕೈ ಪೂರ್ತಿ ಬಿಚ್ಚಿಕೊಳ್ಳುತ್ತದೆ, ತನ್ನ ಮನೆಗೆ ಬಂದವನ ಹಾಗೆ.

ಕೊರತೆ ಇಲ್ಲ ಅಂತ ಹೇಳುವುದಿಲ್ಲ. 'ಟಾಮಿ ಗನ್'ನಲ್ಲಿ ಗುಂಡು ಹಾರಿಸಿದ ಹಾಗೆ ಡ್ರಮ್ಸ್ ಸಿಡಿಯಬೇಕು, ಅಲ್ಲಿ ಟಾಪರ್ ಇಲ್ಲದ್ದು ಗೊತ್ತಾಗಿಬಿಡುತ್ತದೆ. ಇಡೀ ರೆಕಾರ್ಡು ಒಂದು ಗಂಟೆಯೂ ಇಲ್ಲ, ಅದೂ ಬೇಜಾರು.

ಈ ಟೇಪು ಎಷ್ಟೋ ವರ್ಷ ಎಲ್ಲೋ ಬಿದ್ದಿತ್ತು. ಮನೆ ಬದಲಾಯಿಸಲು ಸಾಮಾನು ಕಟ್ಟುವಾಗ ಸ್ಟ್ರಮರ್ ಕೈಗೆ ಸಿಕ್ಕಿತಂತೆ. ಅವನು 2002ರಲ್ಲಿ ತೀರಿಕೊಂಡ. ರೆಕಾರ್ಡು ಹೊರಬಂದದ್ದು 2008ರಲ್ಲಿ, ಆ ಸ್ಟೇಡಿಯಂನಲ್ಲಿ ಕೊನೆಯ ಬೇಸ್‌ಬಾಲ್ ಪಂದ್ಯ ನಡೆದ ವರ್ಷವೇ.

ಮೂಗು ಮುರಿಯುವ ಗೆಳೆಯರಲ್ಲಿ ಒಂದೇ ಕೋರಿಕೆ. ಮೊದಲಿನಿಂದ ಕೇಳಲು ಮನಸ್ಸಿಲ್ಲದಿದ್ದರೆ ಬೇಡ. ಹೆಡ್‌ಫೋನ್ ಹಾಕಿಕೊಂಡು ನೇರ 'ಮ್ಯಾಗ್ನಿಫಿಸೆಂಟ್ ಸೆವೆನ್'ಗೆ ಹೋಗಿ, ಅದು ತಿರುಗಿ ಬರುವ ತನಕ ಮಾತ್ರ ತೆಗೆಯಬೇಡಿ.

ಇಂತಿ,
ನಿಮ್ಮ ಓದುಗ