ಸಾಗರ ದಾಟಿದ ಎಚ್ಚರಿಕೆ ಕೇರಿಗೆ ಬರಲಿಲ್ಲ

ಮಾನ್ಯರೇ,

ಅಲೆಗಳು ಬೀಚ್ ರಸ್ತೆ ದಾಟಿ ಮನೆಗಳಿಗೆ ನುಗ್ಗಿದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯ ಕೊನೆಯಲ್ಲಿ, 'ಮುನ್ನೆಚ್ಚರಿಕೆ ನೀಡಲಾಗಿತ್ತು' ಎಂದು ಅಧಿಕಾರಿಯೊಬ್ಬರು ಹೇಳಿದ್ದಾರೆ. ಯಾರಿಗೆ ನೀಡಲಾಗಿತ್ತು ಎಂಬುದನ್ನೂ ತಿಳಿಸಿದ್ದರೆ ಉಪಕಾರವಾಗುತ್ತಿತ್ತು. ಅಂದು ಗಾಳಿಯೂ ಇರಲಿಲ್ಲ, ಮಳೆಯೂ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತವರ ಕಾಲಡಿಗೇ ನೀರು ಬಂತು. ಬಾವಿಗೆ ಉಪ್ಪುನೀರು ಸೇರಿದೆ, ಪಂಪಿನ ಮೋಟಾರ್ ಸುಟ್ಟುಹೋಗಿದೆ, ಅಂಗಳದಲ್ಲಿ ಒಣಗಲು ಹಾಕಿದ್ದ ಮೀನು ಮರಳಿ ಸಮುದ್ರ ಸೇರಿದೆ. ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬಂದಾಗ ನಾವು ಚಾವಡಿಯ ಕೆಸರು ಬಳಿಯುತ್ತಿದ್ದೆವು. ಅದೂ ಇಂಗ್ಲಿಷಿನಲ್ಲಿ ಬಂದಿದ್ದರಿಂದ ಅಮ್ಮನಿಗೆ ಓದಿ ಹೇಳಬೇಕಾಯಿತು.

ಇಂಥ ಅಲೆಗಳು ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಬಿರುಗಾಳಿಗಳಿಂದ ಎದ್ದು, ಸಾವಿರಾರು ಕಿಲೋಮೀಟರ್ ಸಾಗಿ, ಕೆಲವು ದಿನಗಳ ನಂತರ ನಮ್ಮ ದಡ ಮುಟ್ಟುವುದರಿಂದ ಅವುಗಳ ಬಗ್ಗೆ ಮೊದಲೇ ಹೇಳಲು ಸಾಧ್ಯವಿದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತ ಮೇಲೆ, 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಆಸ್ಟ್ರೇಲಿಯಾ ಮತ್ತು ಇಂಡೋನೇಷ್ಯಾದ ಕೇಂದ್ರಗಳ ಜೊತೆಗೆ ಅದು ಈ ಸಾಗರದ ಸುತ್ತಲಿನ ದೇಶಗಳಿಗೂ ಮಾಹಿತಿ ಕೊಡುತ್ತದೆ. 2027ರೊಳಗೆ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಮುನ್ನೆಚ್ಚರಿಕೆ ಸಿಗಬೇಕೆಂದು ವಿಶ್ವಸಂಸ್ಥೆ 2022ರಲ್ಲೇ ಘೋಷಿಸಿದೆ. ಆ ಪ್ರತಿಯೊಬ್ಬರಲ್ಲಿ ನಮ್ಮ ಕೇರಿಯವರು ಸೇರಿದ್ದಾರೆಯೇ? ದೇಶದಿಂದ ದೇಶಕ್ಕೆ ನಿಮಿಷಗಳಲ್ಲಿ ತಲುಪುವ ಮಾಹಿತಿಗೆ, ಕಚೇರಿಯ ಮೇಜಿನಿಂದ ಎದ್ದು ಕಡಲದಂಡೆಗೆ ಬರಲು ಮಾತ್ರ ಟಿಪ್ಪಣಿ, ಸಹಿ, ಮೊಹರು ಎಲ್ಲವೂ ಬೇಕು!

ಶಾಲೆಯ ಪಕ್ಕದ ಸೈರನ್ ಉದ್ಘಾಟನೆಯ ದಿನ ಕೂಗಿದ್ದು ಬಿಟ್ಟರೆ ಮತ್ತೆ ಕೂಗಿಲ್ಲ; ಅದರ ಕಂಬ ಈಗ ಹುಟ್ಟುಹಬ್ಬದ ಬ್ಯಾನರ್ ಕಟ್ಟಲು ಬಳಕೆಯಾಗುತ್ತಿದೆ. ಕಡಲ್ಕೊರೆತ ತಡೆಯಲು ಪ್ರತಿ ವರ್ಷ ತಂದು ಸುರಿಯುವ ಕಲ್ಲುಗಳು ಮಳೆಗಾಲ ಮುಗಿಯುವ ಮೊದಲೇ ಮಾಯವಾಗುತ್ತವೆ, ಬಿಲ್ಲು ಮಾತ್ರ ಎಂದೂ ಮುಳುಗಿಲ್ಲ. ಹಿಂದಿನ ಸಲ ಪರಿಹಾರಕ್ಕೆ ಅರ್ಜಿ ಹಾಕಿದಾಗ, ನಿಮ್ಮ ಮನೆ ಸಮುದ್ರಕ್ಕೆ ತೀರ ಹತ್ತಿರವಿದೆ ಎಂಬ ಮಹತ್ವದ ಸಂಶೋಧನೆಯನ್ನು ಗುಮಾಸ್ತರು ನಮಗೆ ತಿಳಿಸಿದ್ದರು.

ಇನ್ನಾದರೂ ಎಚ್ಚರಿಕೆಯನ್ನು ಕನ್ನಡದಲ್ಲಿ, ಬೇಕಿದ್ದರೆ ತುಳು, ಕೊಂಕಣಿಯಲ್ಲೂ, ದೇವಸ್ಥಾನ, ಮಸೀದಿ, ಇಗರ್ಜಿಗಳ ಮೈಕಿನಲ್ಲಾದರೂ ಹೇಳಿಸಲಿ, ಸೈರನ್ ದುರಸ್ತಿಯಾಗಲಿ, ಸಂಬಂಧಪಟ್ಟ ಎಲ್ಲರ ಮೇಲೂ ಸೂಕ್ತ ಕ್ರಮವಾಗಲಿ. ಜನರ ತೆರಿಗೆಯಿಂದ ಸಂಬಳ ಎಣಿಸುವವರಿಗೆ ಒಂದು ಫೋನ್ ಮಾಡಲೂ ಪುರುಸೊತ್ತಿಲ್ಲವೆಂದರೆ ಅದು ನಾಚಿಕೆಗೇಡು.

– ಬೀಚ್ ರಸ್ತೆಯ ನಿವಾಸಿ